ಪುಸ್ತಕದಲ್ಲಿ ಬರೆಯದ ಮಾತು

ಹೊಸಪೇಟೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಗವಿಸಿದ್ದಪ್ಪನವರು ರಸಾಯನಶಾಸ್ತ್ರದ ಪುಸ್ತಕ ಬರೆಯಲು ಕೂತದ್ದು ಹೆಸರಿನ ಆಸೆಯಿಂದಲ್ಲ. ಹೈಸ್ಕೂಲುಗಳಲ್ಲಿ ವಿಜ್ಞಾನವನ್ನೂ ಮಾತೃಭಾಷೆಯಲ್ಲೇ ಕಲಿಸಬಹುದೆಂಬ ಅಪ್ಪಣೆ ಮದರಾಸಿನಿಂದ ಹೊರಟು ಬಳ್ಳಾರಿ ಜಿಲ್ಲೆಗೆ ಬಂದು ಮುಟ್ಟಿತ್ತು. ಅಪ್ಪಣೆಯ ಜೊತೆಗೆ ಪುಸ್ತಕ ಬಂದಿರಲಿಲ್ಲ. ಬಳ್ಳಾರಿಯಲ್ಲಿ ಅಚ್ಚುಕೂಟ ಇಟ್ಟುಕೊಂಡಿದ್ದ ದೊಡ್ಡಬಸಪ್ಪ ಒಂದು ದಿನ ರೈಲಿನಲ್ಲಿ ಹೊಸಪೇಟೆಗೆ ಬಂದು, ಶಾಲೆಯ ಹಿಂದಿನ ಒಂಟಿ ಕೋಣೆಯ ಬಾಗಿಲಲ್ಲಿ ನಿಂತು, "ನೀವಲ್ದೆ ಈ ಸೀಮ್ಯಾಗ ಇದನ್ನ ಬರೆಯೋರು ಯಾರದಾರ್ರಿ?" ಎಂದು ಕೇಳಿದರು. ಗವಿಸಿದ್ದಪ್ಪನವರಿಗೂ ಬೇರೆ ಯಾರ ಹೆಸರೂ ಹೊಳೆಯಲಿಲ್ಲ.

ಆ ಒಂಟಿ ಕೋಣೆಯೇ ಶಾಲೆಯ ಪ್ರಯೋಗಶಾಲೆ. ಮದರಾಸಿನಲ್ಲಿ ಓದಿದ್ದ ಗವಿಸಿದ್ದಪ್ಪನವರು, ಓದು ಮುಗಿದ ಮೇಲೆ ಒಂದು ವರ್ಷ ಅಲ್ಲಿಯೇ ಒಬ್ಬ ಪ್ರೊಫೆಸರರ ಕೈಕೆಳಗೆ ಅದಿರು ಪರೀಕ್ಷೆಯ ಕೆಲಸ ಮಾಡಿದ್ದರು. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಬೇಕು, ಕಂಡದ್ದನ್ನು ಕಂಡ ಕೂಡಲೇ ಬರೆಯಬೇಕು, ನೆನಪನ್ನು ನಂಬಬಾರದು ಎಂಬ ಮೂರು ಪಾಠಗಳನ್ನು ಅಲ್ಲಿಂದ ತಂದಿದ್ದರು. ಪುಸ್ತಕಕ್ಕೂ ಅದನ್ನೇ ಪಾಲಿಸಿದರು. ಅದರಲ್ಲಿ ಐವತ್ತೆರಡು ಪ್ರಯೋಗಗಳಿದ್ದವು. ಪ್ರತಿಯೊಂದನ್ನೂ ತಮ್ಮ ಕೋಣೆಯಲ್ಲಿ ಮಾಡಿ ನೋಡಿ ಬರೆದರು. ಹದಿನೇಳನೆಯದು, ಆಮ್ಲಜನಕ ತಯಾರಿಸುವ ಪ್ರಯೋಗ, ಅವರಿಗೆ ವಿಶೇಷವಾಗಿ ಇಷ್ಟವಾದದ್ದು. ಇಂಗ್ಲಿಷ್ ಪುಸ್ತಕಗಳು ಅದಕ್ಕೆ ಶೀಷೆಯಲ್ಲಿ ಬರುವ ಮ್ಯಾಂಗನೀಸ್ ಡೈಆಕ್ಸೈಡ್ ತರಿಸಿಕೊಳ್ಳಿ ಎನ್ನುತ್ತಿದ್ದವು. ಸಂಡೂರಿನ ಗುಡ್ಡದಿಂದ ಅದೇ ಪದಾರ್ಥ ವ್ಯಾಗನ್‌ಗಟ್ಟಲೆ ಹೊಸಪೇಟೆ ಸ್ಟೇಷನ್ನಿನ ಮೇಲೆ ಹಾದು ಹೋಗುತ್ತಿತ್ತು. ಹಳಿಯ ಬದಿಯಲ್ಲಿ ಉದುರಿದ ಒಂದು ಕರಿಕಲ್ಲು ಸಾಕು. ಹಾಗೆಯೇ ಬರೆದರು: "ಪೊಟ್ಯಾಸಿಯಂ ಕ್ಲೋರೇಟನ್ನೂ ಸಂಡೂರಿನ ಕರಿಕಲ್ಲನ್ನೂ ಬೇರೆ ಬೇರೆಯಾಗಿ ನುಣ್ಣಗೆ ಪುಡಿ ಮಾಡಿ, ಬೆರೆಸಿ, ಗಟ್ಟಿ ಗಾಜಿನ ನಳಿಗೆಯಲ್ಲಿ ಹಾಕಿ ಮೆಲ್ಲನೆ ಕಾಯಿಸಿರಿ." ಈ ವಾಕ್ಯ ಬರೆಯುವ ಮೊದಲು ಹನ್ನೊಂದು ಸಲ ಆ ಪ್ರಯೋಗ ಮಾಡಿದ್ದರು. ಹನ್ನೊಂದು ಸಲವೂ ಆಮ್ಲಜನಕ ಸರಾಗವಾಗಿ ಬಂದಿತ್ತು.

ಪುಸ್ತಕ 1939ರ ಬೇಸಿಗೆಯಲ್ಲಿ ಅಚ್ಚಾಯಿತು. ದಸರೆ ಮುಗಿದ ವಾರ ಕಂಪ್ಲಿಯಿಂದ ಒಂದು ಕಾಗದ ಬಂತು.

ಅಕ್ಷರ ದುಂಡಗಿತ್ತು. ಬರೆದವರು ಕೊಟ್ರಯ್ಯ ಎಂಬ ಉಪಾಧ್ಯಾಯರ ಹೆಂಡತಿ ಅಕ್ಕನಾಗಮ್ಮ. ಕಂಪ್ಲಿಯಲ್ಲಿ ಊರಿನ ವರ್ತಕರು ಕೂಡಿ ನಡೆಸುತ್ತಿದ್ದ ಶಾಲೆಯಲ್ಲಿ ಆ ವರ್ಷ ಹೈಸ್ಕೂಲಿನ ಮೊದಲ ತರಗತಿಯಾದ ನಾಲ್ಕನೇ ಫಾರಂ ತೆರೆದಿದ್ದರು. ಲೆಕ್ಕ ಹೇಳುತ್ತಿದ್ದ ಕೊಟ್ರಯ್ಯನವರ ಪಾಲಿಗೆ ವಿಜ್ಞಾನವೂ ಬಂದಿತ್ತು. ತಾವೇ ಒಮ್ಮೆಯೂ ಮಾಡದ ಪ್ರಯೋಗವನ್ನು ಹುಡುಗರ ಮುಂದೆ ಮಾಡಬಾರದೆಂದು ಒಂದು ಭಾನುವಾರ ಬೆಳಿಗ್ಗೆ ಮನೆಯಲ್ಲೇ ಹದಿನೇಳನೆಯ ಪ್ರಯೋಗಕ್ಕೆ ಕೈಹಾಕಿದ್ದರು. ನಳಿಗೆ ಕಾಯಿಸಿದ ಸ್ವಲ್ಪ ಹೊತ್ತಿಗೆ ಅದು ಸಿಡಿಯಿತು. ಗಾಜಿನ ಚೂರು ಎಡಗಣ್ಣಿಗೆ ಹೊಕ್ಕಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಈಗ ಮನೆಗೆ ಬಂದಿದ್ದಾರೆ. ಆ ಕಣ್ಣು ಉಳಿದಿಲ್ಲ. ಕಾಗದದಲ್ಲಿ ದೂರು ಇರಲಿಲ್ಲ. ಕೊನೆಯಲ್ಲಿ ಎರಡೇ ಸಾಲು: "ಪುಸ್ತಕದಲ್ಲಿ ಇದ್ದ ಹಾಗೆಯೇ ಮಾಡಿದ್ದೆವು. ಬೇರೆ ಶಾಲೆಗಳಲ್ಲಿ ಮಾಡುವ ಮೊದಲು ತಾವು ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇವೆ."

ಗವಿಸಿದ್ದಪ್ಪನವರು ಕಾಗದವನ್ನು ಎರಡು ಸಲ ಓದಿದರು. ಆಮೇಲೆ ತಮ್ಮ ಟಿಪ್ಪಣಿ ಪುಸ್ತಕ ತೆಗೆದು ಹನ್ನೊಂದು ಸಲದ ದಾಖಲೆಯನ್ನು ನೋಡಿ ಸಮಾಧಾನ ತಂದುಕೊಂಡರು. ಮುಂದಿನ ಭಾನುವಾರ ಕಮಲಾಪುರದ ಮೇಲೆ ಹೋಗುವ ಬಸ್ಸು ಹಿಡಿದು ಕಂಪ್ಲಿಗೆ ಹೋದರು. ಮರುಕದ ಜೊತೆಗೆ, ಕೊಟ್ರಯ್ಯನವರು ಎಲ್ಲಿ ತಪ್ಪಿದರು ಎಂದು ಕಂಡುಹಿಡಿಯುವ ಹಟವೂ ಅವರಲ್ಲಿತ್ತು.

ಕೊಟ್ರಯ್ಯನವರ ಮನೆ ಕೋಟೆಗೆ ಹೋಗುವ ಓಣಿಯಲ್ಲಿತ್ತು. ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದರು. ವಯಸ್ಸು ಮೂವತ್ತೈದರ ಒಳಗೆ. ಎಡಗಣ್ಣಿನ ಮೇಲೆ ಬಿಳಿ ಪಟ್ಟಿ. ಬಂದವರು ಯಾರೆಂದು ತಿಳಿದ ಮೇಲೆ ಏಳಲು ಹೋದರು.

"ಕುಂದ್ರಿ, ಕುಂದ್ರಿ ಅಯ್ಯನೋರೆ," ಎಂದರು ಗವಿಸಿದ್ದಪ್ಪ. "ಬ್ಯಾನಿ ಹೆಂಗೈತಿ?"

"ಬ್ಯಾನಿ ಕಡಿಮ್ಯಾತ್ರಿ. ನೀರಿನ ತಂಬಿಗಿ ಹಿಡ್ಯಾಕ ಹೋದ್ರ ಕೈ ಆಚೆ ಹೋಗ್ತದ. ಎಷ್ಟು ದೂರ ಐತಿ ಅಂತ ಗೊತ್ತಾಗಲ್ದು." ಅವರು ಇದನ್ನು ಬೇರೆ ಯಾರಿಗೋ ಆದದ್ದೆಂಬಂತೆ ಹೇಳಿದರು.

ಗವಿಸಿದ್ದಪ್ಪನವರು ಪ್ರಶ್ನೆ ಕೇಳಲು ಶುರು ಮಾಡಿದರು. ಉತ್ತರಗಳನ್ನು ಬರೆದುಕೊಂಡರು. ಕ್ಲೋರೇಟ್ ಎಲ್ಲಿಯದು? ಔಷಧದ ಅಂಗಡಿಯದು, ಗಂಟಲು ನೋವಿಗೆ ಮುಕ್ಕಳಿಸಲು ಕೊಡುವ ಉಪ್ಪು. ಕರಿಕಲ್ಲು? ಸಂಡೂರಿನಲ್ಲಿ ಗಣಿ ಕೆಲಸಕ್ಕೆ ಹೋಗುವ ಎರ್ರಿಯಪ್ಪ ಎಂಬ ಪರಿಚಯದವನು ತಂದುಕೊಟ್ಟದ್ದು. ಎಷ್ಟು ಹಾಕಿದಿರಿ? ಪುಸ್ತಕದಲ್ಲಿ ಇದ್ದಷ್ಟು. ಜೋರಾಗಿ ಕಾಯಿಸಿದಿರಾ? ಇಲ್ಲ, ಮೆಲ್ಲಗೆ. ನಳಿಗೆಯ ಬಾಯಿ ಕಟ್ಟಿತ್ತೆ? ಇಲ್ಲ.

ಅಕ್ಕನಾಗಮ್ಮ ನಡುಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆಕೆಯನ್ನು ಗವಿಸಿದ್ದಪ್ಪನವರು ಏನೂ ಕೇಳಲಿಲ್ಲ. ಉಳಿದಿದ್ದ ಕ್ಲೋರೇಟನ್ನೂ ಕರಿಕಲ್ಲನ್ನೂ ಕೇಳಿ ಇಸಿದುಕೊಂಡು, ಮಜ್ಜಿಗೆ ಕುಡಿದು ಹೊರಟರು.

ಹೊಸಪೇಟೆಯಲ್ಲಿ ಅವರು ಮಾಡಿದ ಪರೀಕ್ಷೆ ಕ್ರಮಬದ್ಧವಾಗಿತ್ತು. ಶಾಲೆ ಬಿಟ್ಟ ಮೇಲೆ, ನಡುವೆ ಹಲಗೆಯನ್ನು ಅಡ್ಡ ನಿಲ್ಲಿಸಿ, ಚಿಟಿಕೆಯಷ್ಟು ಪದಾರ್ಥದಲ್ಲಿ ನಾಲ್ಕು ಪ್ರಯೋಗ ಮಾಡಿದರು. ತಮ್ಮ ಕ್ಲೋರೇಟ್, ತಮ್ಮ ಕಲ್ಲು. ಕಂಪ್ಲಿಯ ಕ್ಲೋರೇಟ್, ತಮ್ಮ ಕಲ್ಲು. ತಮ್ಮ ಕ್ಲೋರೇಟ್, ಕಂಪ್ಲಿಯ ಕಲ್ಲು. ಕಡೆಗೆ ಎರಡೂ ಕಂಪ್ಲಿಯವು. ನಾಲ್ಕರಲ್ಲಿಯೂ ಆಮ್ಲಜನಕ ಮೊದಲಿನಂತೆಯೇ ಬಂತು. ಹೊಗೆಯಾಡುವ ಕಡ್ಡಿ ಧಗ್ಗನೆ ಹೊತ್ತಿಕೊಂಡಿತು. ಎಲ್ಲಿಯೂ ಏನೂ ಸಿಡಿಯಲಿಲ್ಲ.

ಅವರು ಕಂಪ್ಲಿಗೆ ಕಾಗದ ಬರೆದರು. ಪದಾರ್ಥಗಳಲ್ಲಾಗಲಿ ಪುಸ್ತಕದಲ್ಲಾಗಲಿ ದೋಷ ಕಂಡುಬರಲಿಲ್ಲ, ಕಾಯಿಸುವಾಗ ಗಮನ ತಪ್ಪಿರಬಹುದು, ಅಯ್ಯನವರ ಆರೋಗ್ಯ ಬೇಗ ಸುಧಾರಿಸಲಿ ಎಂದು. ಕಾಗದ ಹಾಕಿ ಬಂದ ದಿನ ಊಟ ಸರಿಯಾಗಿ ಸೇರಲಿಲ್ಲ. ಆದರೆ ಬರೆದದ್ದರಲ್ಲಿ ಸುಳ್ಳೇನೂ ಇಲ್ಲವೆಂದು ನಂಬಿದ್ದರು.

ಎಂಟನೆಯ ದಿನಕ್ಕೆ ಉತ್ತರ ಬಂತು. ಲಕೋಟೆ ದಪ್ಪಗಿತ್ತು. ಒಳಗೆ ಒಂದು ಹಾಳೆ, ಒಂದು ಚಿಕ್ಕ ಪೊಟ್ಟಣ. ಅದೇ ದುಂಡಗಿನ ಅಕ್ಷರ.

"ತಾವು ಕಲ್ಲನ್ನು ಪರೀಕ್ಷೆ ಮಾಡಿದಿರಿ. ನಮ್ಮವರು ನಳಿಗೆಗೆ ಹಾಕಿದ್ದು ಕಲ್ಲನ್ನಲ್ಲ, ಪುಡಿಯನ್ನು. ಆ ದಿನದ ಪುಡಿ ಸ್ವಲ್ಪ ಗೂಡಿನಲ್ಲಿ ಉಳಿದಿತ್ತು. ಕಳಿಸಿದ್ದೇನೆ."

ಗವಿಸಿದ್ದಪ್ಪನವರು ಆ ಹಾಳೆಯನ್ನು ಮತ್ತೊಮ್ಮೆ ಓದಿದರು. ಅದಿರು ಪರೀಕ್ಷೆಯ ಕೆಲಸದಲ್ಲಿ ಮೊದಲ ದಿನ ಹೇಳಿಕೊಡುವ ಪಾಠ ಅದು: ಉಪಯೋಗಿಸಿದ ಮಾದರಿಯನ್ನೇ ಪರೀಕ್ಷಿಸು, ಅದರಂತೆ ಇರುವುದನ್ನಲ್ಲ. ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿ ಓದಿರಬಹುದಾದ ಒಬ್ಬ ಗೃಹಿಣಿ ಅದನ್ನು ಎರಡು ಸಾಲಿನಲ್ಲಿ ಹೇಳಿದ್ದಳು.

ಪೊಟ್ಟಣದಲ್ಲಿದ್ದದ್ದು ಕರಿ ಪುಡಿಯೇ. ಕಣ್ಣಿಗೆ ಏನೂ ವ್ಯತ್ಯಾಸವಿರಲಿಲ್ಲ. ಅದರಲ್ಲಿ ಒಂದಿಷ್ಟನ್ನು ಗಾಜಿನ ಲೋಟದ ನೀರಿಗೆ ಹಾಕಿದರು. ಹೆಚ್ಚಿನ ಪಾಲು ಕೂಡಲೇ ತಳಕ್ಕೆ ಇಳಿಯಿತು. ಸ್ವಲ್ಪ ಮಾತ್ರ ಮೇಲೆ ತೇಲುತ್ತ ಉಳಿಯಿತು. ಮ್ಯಾಂಗನೀಸಿನ ಕಲ್ಲು ತೇಲುವುದಿಲ್ಲ. ತೇಲಿದ್ದನ್ನು ಕಾಗದದ ಮೇಲೆ ತೆಗೆದು ಒಣಗಿಸಿ, ಭೂತಗನ್ನಡಿಯಲ್ಲಿ ನೋಡಿದರು. ಸಣ್ಣ ಸಣ್ಣ ಚೂರುಗಳು, ಅವುಗಳ ಮೈಮೇಲೆ ಸಾಲು ಸಾಲು ಗೆರೆ. ಕಬ್ಬಿಣದ ಸೌಟಿನಲ್ಲಿ ಹಾಕಿ ಸುಟ್ಟಾಗ ಕೆಂಪಗೆ ಕೆಂಡವಾಗಿ ಬಿಳಿ ಬೂದಿಯಾಯಿತು. ಅದು ಸುಟ್ಟ ಭತ್ತದ ಹೊಟ್ಟು. ಇದ್ದಿಲೆಂದರೂ ಒಂದೇ. ಇದ್ದಿಲನ್ನು ಕ್ಲೋರೇಟಿನ ಜೊತೆ ಕಾಯಿಸಿದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಹಲಗೆಯ ಆಚೆಗೆ, ಅದನ್ನು ಕ್ಲೋರೇಟಿಗೆ ಬೆರೆಸಿ ಎಳ್ಳುಕಾಳಿನಷ್ಟನ್ನು ಕಾದ ತಗಡಿನ ಮೇಲೆ ಬೀಳಿಸಿ ನೋಡಿದರು. ಬಿಳಿ ಬೆಳಕು ಚಿಮ್ಮಿತು. ತಗಡು ಸದ್ದು ಮಾಡಿತು.

ಮತ್ತೆ ಕಂಪ್ಲಿಗೆ ಹೋದರು. ಈ ಸಲ ಕೊಟ್ರಯ್ಯನವರಿಗೆ ನಮಸ್ಕಾರ ಹೇಳಿದ ಮೇಲೆ ನೇರವಾಗಿ ನಡುಮನೆಯ ಬಾಗಿಲ ಕಡೆ ತಿರುಗಿದರು.

"ಅಕ್ಕಾರ, ಆ ಕಲ್ಲು ಪುಡಿ ಮಾಡಿದ್ದು ಯಾರು?"

"ನಾನ ರೀ."

"ಎದರಾಗ?"

ಆಕೆ ಒಳಗೆ ಹೋಗಿ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಇಳಿಸಿದ್ದು ಪುಡಿ ಕುಟ್ಟುವ ಒಂದು ಕಲ್ಲಿನ ಕಲ್ಬತ್ತು. ಹಳೆಯದು. ಒಳಮೈಯಲ್ಲಿ ಸಾಸಿವೆ ಹಿಡಿಯುವಷ್ಟು ಗುಳಿಗಳು. ಗವಿಸಿದ್ದಪ್ಪನವರು ಒಂದು ಸೂಜಿ ಕೇಳಿ ಇಸಿದುಕೊಂಡು ಒಂದು ಗುಳಿಯನ್ನು ಕೆದಕಿದರು. ಕರಿ ಹಿಟ್ಟು ಬಂತು.

"ಇದರಾಗ ಮತ್ತೇನು ಕುಟ್ತೀರಿ?"

"ಹಲ್ಲುಪುಡಿ. ಭತ್ತದ ಹೊಟ್ಟು ಸುಟ್ಟು ಉಪ್ಪು ಹಾಕಿ ಕುಟ್ತೀವಿ. ಹಿಂದಿನ ದಿನಾನ ಕುಟ್ಟಿದ್ದೆ. ಅರಿವಿಲೆ ಒರೆಸಿದ್ದೆ." ಆಕೆ ಅಲ್ಲಿಯೇ ಕಂಬಕ್ಕೆ ಒರಗಿ ಕೂತಳು. "ಕಾಗದ ಬರಿಯೋವಾಗ, ಇದರಿಂದನ ಆತೇನೋ ಅಂತ ನಂಗ ಅನಸಿತ್ತು ಮೇಷ್ಟ್ರ. ಪೊಟ್ಟಣ ಕಟ್ಟೋವಾಗನೂ ಅನಸಿತ್ತು. ಖರೇ ಹೌದೋ ಅಲ್ಲೋ ಗೊತ್ತಾಗಲಿ ಅಂತ ಕಳಿಸಿದೆ."

ಅಂದರೆ ತನ್ನ ಮೇಲೆ ಬರಬಹುದಾದ ತಪ್ಪನ್ನು ತಾನೇ ಮಡಚಿ ಲಕೋಟೆಯಲ್ಲಿಟ್ಟು ಕಳಿಸಿದ್ದಳು. ಗವಿಸಿದ್ದಪ್ಪನವರಿಗೆ ತಾವು ಬರೆದ ಕಾಗದ ನೆನಪಾಯಿತು.

ಕೊಟ್ರಯ್ಯನವರು ಹೊರಸಿನ ಮೇಲಿಂದ ಹೇಳಿದರು: "ಆಕೀದೇನೂ ತಪ್ಪಿಲ್ರಿ. ಪಾಠ ಹೇಳೋನು ನಾನು. ಪಾತ್ರಿ ಚೊಕ್ಕ ಇರಬೇಕು ಅನ್ನೋದು ನಂಗ ಗೊತ್ತಿರಬೇಕಿತ್ತು."

"ನಿಮಗ ಹೆಂಗ ಗೊತ್ತಾಗಬೇಕು ಅಯ್ಯನೋರೆ? ನಾನು ಬರದೇ ಇಲ್ಲ."

"ಪುಸ್ತಕ ಓದಿ ಹೇಳಿದಾಕಿ ನಾನ," ಎಂದಳು ಅಕ್ಕನಾಗಮ್ಮ. "ಅವ್ರು ನಳಗಿ ಹೊಂದಿಸ್ತಿದ್ರು, ನಾನು ಒಂದೊಂದ ಸಾಲು ಓದಿ, ಅದು ಹೇಳಿದಂಗ ಮಾಡ್ತಿದ್ದೆ. ನುಣ್ಣಗ ಪುಡಿ ಮಾಡಿ ಅಂತ ಇತ್ತು, ಮಾಡಿದೆ. ತೊಳೀರಿ ಅಂತ ಇದ್ದಿದ್ರ ತೊಳೀತಿದ್ದೆ."

ಅದನ್ನು ಆಕೆ ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಗವಿಸಿದ್ದಪ್ಪನವರಿಗೆ ಕೇಳಿಸಿಕೊಳ್ಳುವುದು ಸುಲಭವಾಗುತ್ತಿತ್ತು. ಅವರ ಕೋಣೆಯಲ್ಲಿ ಪಿಂಗಾಣಿಯ ಕಲ್ಬತ್ತು ಇತ್ತು. ಪ್ರತಿ ಸಲವೂ ಅದನ್ನು ತೊಳೆದು ಒಣಗಿಸಿ ಇಡುತ್ತಿದ್ದರು. ಎಷ್ಟು ವರ್ಷಗಳಿಂದ ಹಾಗೆ ಮಾಡುತ್ತಿದ್ದರೆಂದರೆ, ತಾವು ತೊಳೆಯುತ್ತೇವೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಹನ್ನೊಂದು ಸಲದ ದಾಖಲೆಯಲ್ಲಿ ಒಂದು ಸಲವೂ ತೊಳೆದದ್ದನ್ನು ಬರೆದಿರಲಿಲ್ಲ.

ಮರುದಿನ ಬಳ್ಳಾರಿಗೆ ಹೋಗಿ ದೊಡ್ಡಬಸಪ್ಪನವರಿಗೆ ಎಲ್ಲವನ್ನೂ ಹೇಳಿದರು. ಮಾರಿದ ಪ್ರತಿಗಳಿಗೆಲ್ಲ ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿ ಅಂಟಿಸಬೇಕು ಎಂದರು.

ದೊಡ್ಡಬಸಪ್ಪ ಕೆಟ್ಟವರಲ್ಲ. ಕೊಟ್ರಯ್ಯನವರ ಸುದ್ದಿ ಕೇಳಿ ನಿಜವಾಗಿಯೂ ನೊಂದರು. ಆಮೇಲೆ ಹೇಳಿದರು: "ಮೇಷ್ಟ್ರೆ, ನಿಮ್ಮ ಪುಸ್ತಕದಾಗ ಸುಳ್ಳೇನಾರ ಐತೇನು?"

"ಇಲ್ಲ."

"ಮತ್ತ್ಯಾಕ ಚೀಟಿ? ಪಠ್ಯಪುಸ್ತಕದ ಕಮಿಟಿಯೋರು ನೋಡಿದ್ರ ಏನಂತಾರ? ಅಪಾಯದ ಪುಸ್ತಕ ಅಂತ ಪಟ್ಟಿಯಿಂದ ತೆಗೀತಾರ. ಮುಂದಿನ ಸಲ ಅಚ್ಚು ಹಾಕೋವಾಗ ಒಂದು ಮಾತು ಸೇರಿಸಿದ್ರಾತು."

"ಮುಂದಿನ ಸಲ ಅಂದ್ರ ಎರಡು ವರ್ಷ. ಅಲ್ಲೀತನ ಎಷ್ಟು ಮಂದಿ ಮನ್ಯಾಗ ಕಲ್ಬತ್ತು ಅದಾವು, ಬಸಪ್ಪನೋರೆ?"

ಆದರೂ ದೊಡ್ಡಬಸಪ್ಪ ಚೀಟಿ ಅಚ್ಚು ಹಾಕಲಿಲ್ಲ. ಗವಿಸಿದ್ದಪ್ಪನವರು ಪುಸ್ತಕ ಹೋದ ಇಪ್ಪತ್ತಾರು ಶಾಲೆಗಳ ಹೆಸರು ಇಸಿದುಕೊಂಡು ಬಂದು, ಪ್ರತಿ ಶಾಲೆಗೂ ತಾವೇ ಕೈಯಿಂದ ಕಾಗದ ಬರೆದರು. ಏನಾಯಿತು, ಏಕಾಯಿತು, ಪುಸ್ತಕದಲ್ಲಿ ಯಾವ ಮಾತು ಬಿಟ್ಟುಹೋಗಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಕೊಟ್ರಯ್ಯನವರ ಹೆಸರು ಬರೆಯಲಿಲ್ಲ. ತಮ್ಮ ಹೆಸರು ಬರೆದರು. ಹತ್ತೊಂಬತ್ತು ಶಾಲೆಗಳಿಂದ ಉತ್ತರ ಬಂತು. ಒಂದು ಕಾಗದ ಕೈಯಿಂದ ಕೈಗೆ ಹೋಗಿ ಕಮಿಟಿಯನ್ನು ಮುಟ್ಟಿತು. ದೊಡ್ಡಬಸಪ್ಪ ಹೇಳಿದಂತೆಯೇ ಮುಂದಿನ ವರ್ಷದ ಪಟ್ಟಿಯಲ್ಲಿ ಆ ಪುಸ್ತಕ ಇರಲಿಲ್ಲ.

ಹೊಸಪೇಟೆಯ ಶಾಲೆಯಲ್ಲಿ ಜೊತೆಯವರು ಕೆಲವರು ಅವರನ್ನು ಹುಚ್ಚರೆಂದರು. ಗವಿಸಿದ್ದಪ್ಪನವರಿಗೆ ಅದರಿಂದ ಬೇಸರವಾಯಿತು, ಆದರೆ ಹೆಚ್ಚು ದಿನ ಅಲ್ಲ. ಅವರ ತಲೆಯಲ್ಲಿ ಬೇರೊಂದು ಯೋಚನೆ ಹೊಕ್ಕಿತ್ತು. ಪುಸ್ತಕದ ಉಳಿದ ಐವತ್ತೊಂದು ಪ್ರಯೋಗಗಳಲ್ಲಿ ಇನ್ನೆಷ್ಟು ಮಾತುಗಳನ್ನು ಬರೆಯದೆ ಬಿಟ್ಟಿದ್ದೇನೆ? ಅವರು ಮತ್ತೆ ಮತ್ತೆ ಓದಿದರು. ಒಂದೂ ಸಿಗಲಿಲ್ಲ. ಗೊತ್ತಿರುವವನ ಕಣ್ಣಿಗೆ ಅದು ಕಾಣುವುದಿಲ್ಲ ಎಂದು ಅರ್ಥವಾದಾಗ ಮೂರನೆಯ ಸಲ ಕಂಪ್ಲಿಯ ಬಸ್ಸು ಹತ್ತಿದರು.

"ಪುಸ್ತಕ ಹೊಸದಾಗಿ ಬರೀಬೇಕಂತೀನಿ," ಎಂದರು ಕೊಟ್ರಯ್ಯನವರಿಗೆ. "ನೀವಿಬ್ರೂ ಒಪ್ಪಿದ್ರ ಮಾತ್ರ. ನಾನು ಬರಕೊಂಡು ಬರ್ತೀನಿ. ಅಕ್ಕಾರು ಓದಿ ಮಾಡ್ಲಿ. ಏನೂ ಅಪಾಯ ಇಲ್ದಂಗ ನಾನು ಮೊದಲ ನೋಡಿರ್ತೀನಿ. ನಾನು ಪಡಸಾಲ್ಯಾಗ ಕುಂತು ನೋಡೋದು, ಅಷ್ಟ. ಮಾತಾಡಂಗಿಲ್ಲ."

ಕೊಟ್ರಯ್ಯನವರು ಹೆಂಡತಿಯ ಮುಖ ನೋಡಿದರು. ಗಾಜು ಒಡೆದ ಆ ಬೆಳಿಗ್ಗೆಯ ನಂತರ ಆಕೆ ನಳಿಗೆ ಕಾಯಿಸುವ ಸ್ಪಿರಿಟ್ ದೀಪವನ್ನು ಮುಟ್ಟಿರಲಿಲ್ಲ. ಅದು ಅಟ್ಟದ ಮೇಲೆ ಬಟ್ಟೆ ಸುತ್ತಿಕೊಂಡು ಕೂತಿತ್ತು.

"ಬ್ಯಾಡ ಅಂದ್ರ ಬ್ಯಾಡ," ಎಂದರು ಕೊಟ್ರಯ್ಯ.

"ಒಂದು ವಾರ ಬಿಟ್ಟು ಹೇಳ್ತೀನ್ರಿ," ಎಂದಳು ಆಕೆ. ವಾರದ ಮೇಲೆ ಒಂದು ಕಾರ್ಡು ಬಂತು: "ಬರಬಹುದು."

ಹಾಗೆ ಶುರುವಾದದ್ದು ಸುಮಾರು ಮೂರು ವರ್ಷ ನಡೆಯಿತು. ಹದಿನೈದು ದಿನಕ್ಕೊಮ್ಮೆ ಭಾನುವಾರ ಗವಿಸಿದ್ದಪ್ಪನವರು ಗೋಣಿಚೀಲದಲ್ಲಿ ಹುಲ್ಲು ತುಂಬಿ, ನಡುವೆ ಶೀಷೆಗಳನ್ನಿಟ್ಟುಕೊಂಡು ಬರುತ್ತಿದ್ದರು. ಪಡಸಾಲೆಯ ಮುಂದಿನ ಅಂಗಳದಲ್ಲಿ ಕಡಪಕಲ್ಲಿನ ಹಾಸಿನ ಮೇಲೆ ಅಕ್ಕನಾಗಮ್ಮ ಕೈಬರಹದ ಹಾಳೆಯನ್ನು ಓದಿ ಪ್ರಯೋಗ ಮಾಡುತ್ತಿದ್ದಳು. ಆಕೆ ತಡೆದು ನಿಂತ ಕಡೆಯೆಲ್ಲ ಗವಿಸಿದ್ದಪ್ಪನವರು ತಮ್ಮ ಪ್ರತಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಮೊದಲ ದಿನ ಒಂದೇ ಪುಟದಲ್ಲಿ ಹದಿನಾಲ್ಕು ಗೆರೆಗಳಾದವು. "ಸ್ವಲ್ಪ ಸುಣ್ಣ ಹಾಕಿ" ಎಂದು ಇದ್ದ ಕಡೆ ಆಕೆ ಒಂದು ಹಿಡಿ ಹಾಕಿದಳು. "ಬಣ್ಣ ಬದಲಾಗುವ ತನಕ ಕಾಯಿಸಿ" ಎಂದಲ್ಲಿ, ಹೇಗಿದ್ದದ್ದು ಹೇಗಾಗಬೇಕೆಂದು ತಿಳಿಯದೆ ಪಾತ್ರೆಯ ನೀರು ಬತ್ತಿಹೋಗುವ ತನಕ ಕಾಯಿಸಿದಳು. ಸೋಸುವ ಕಾಗದವನ್ನು "ನಾಲ್ಕಾಗಿ ಮಡಚಿ" ಎಂದಲ್ಲಿ ಮಡಚಿ, ಮುಂದೇನೆಂದು ಅದನ್ನು ಕೈಯಲ್ಲಿ ಹಿಡಿದು ಕೂತಳು. ಗವಿಸಿದ್ದಪ್ಪನವರಿಗೆ ನಾಲಿಗೆಯ ತುದಿಗೆ ಮಾತು ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದರು.

ಓಣಿಯಲ್ಲಿ ಬೇರೆಯೇ ಸುದ್ದಿ ಹಬ್ಬಿತು. ಎದುರು ಮನೆಯ ದ್ಯಾಮಕ್ಕ ಒಂದು ದಿನ ಒಳಗೆ ಬಂದು, "ಬಂಗಾರ ಮಾಡೋದು ಕಲ್ಯಾಕತ್ತೀಯಂತಲ್ಲ, ನಮ್ಗೂ ಒಂದೀಟು ತೋರ್ಸವ್ವ," ಎಂದು ಕೇಳಿದಳು. ಅಕ್ಕನಾಗಮ್ಮ ಅವಳನ್ನು ಕೂರಿಸಿ, ಅರಿಶಿನದ ನೀರಿಗೆ ಸುಣ್ಣದ ತಿಳಿ ಹಾಕಿ ಕೆಂಪಾಗುವುದನ್ನೂ, ಹುಳಿ ಹಿಂಡಿ ಮತ್ತೆ ಹಳದಿಯಾಗುವುದನ್ನೂ ತೋರಿಸಿದಳು. ದ್ಯಾಮಕ್ಕ, "ಇದು ನಂಗೂ ಗೊತ್ತೈತಿ, ದಿನಾ ಮಾಡ್ತೀನಿ," ಎಂದು ಎದ್ದು ಹೋದಳು. ಗವಿಸಿದ್ದಪ್ಪನವರು ಆ ಮಾತನ್ನೂ ಬರೆದುಕೊಂಡರು. ಹೊಸ ಪುಸ್ತಕದಲ್ಲಿ ಆಮ್ಲ ಮತ್ತು ಕ್ಷಾರಗಳ ಅಧ್ಯಾಯ ಅಲ್ಲಿಂದಲೇ ಆರಂಭವಾಯಿತು.

ಕೊಟ್ರಯ್ಯನವರು ಮತ್ತೆ ಶಾಲೆಗೆ ಹೋಗತೊಡಗಿದ್ದರು. ಒಂದು ಕಣ್ಣಿನಲ್ಲಿ ದೂರ ಅಳೆಯುವುದನ್ನು ಕೈ ನಿಧಾನವಾಗಿ ಕಲಿತಿತ್ತು. ಭಾಷೆ ತಿದ್ದುವುದು ಅವರ ಕೆಲಸ. ಎರಡು ಸಲ ಓದಬೇಕಾದ ವಾಕ್ಯವನ್ನು ಅವರು ಉಳಿಯಗೊಡುತ್ತಿರಲಿಲ್ಲ. ಹದಿನೇಳನೆಯ ಪ್ರಯೋಗವನ್ನು ತಾವೇ ಮಾಡುವುದಾಗಿ ಹೇಳಿದರು. ಹೊಸ ಹಾಳೆಯಲ್ಲಿ ಅದು ಒಂದೂವರೆ ಪುಟವಾಗಿತ್ತು. ಅರ್ಧ ಪುಟ ಪಾತ್ರೆ ತೊಳೆಯುವುದರ ಬಗ್ಗೆ, ಪುಡಿಯನ್ನು ಮೊದಲು ನೀರಿನಲ್ಲಿ ಹಾಕಿ ಏನಾದರೂ ತೇಲುತ್ತದೆಯೇ ಎಂದು ನೋಡುವುದರ ಬಗ್ಗೆ. ಆ ದಿನ ಅಕ್ಕನಾಗಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಪ್ರಯೋಗ ಮುಗಿದು ಗಂಡ ಕರೆದ ಮೇಲೂ ಸ್ವಲ್ಪ ಹೊತ್ತು ಬರಲಿಲ್ಲ. ಬಂದಾಗ ಆಕೆಯ ಸೆರಗು ಒದ್ದೆಯಾಗಿತ್ತು.

ಅಷ್ಟರಲ್ಲಿ ಯುದ್ಧ ಬಿರುಸಾಗಿ, ಕಾಗದ ಸಿಗದಂತಾಯಿತು. ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಏದುಸಿರು ಬಿಡುತ್ತ ಓಡತೊಡಗಿದವು. ಒಮ್ಮೊಮ್ಮೆ ಕಮಲಾಪುರದ ಕೆರೆ ಏರಿಯ ಮೇಲೆ ಎಲ್ಲರೂ ಇಳಿದು ನಡೆಯಬೇಕಾಗುತ್ತಿತ್ತು. ಪುಸ್ತಕ ಅಚ್ಚಾಗುವ ಭರವಸೆ ಇಲ್ಲದಿದ್ದರೂ ಅವರು ನಿಲ್ಲಿಸಲಿಲ್ಲ.

ಜಗಳವಾದದ್ದು ಮೇಣದ ಬತ್ತಿಯ ಪ್ರಯೋಗದಲ್ಲಿ. ನೀರಿನ ತಟ್ಟೆಯ ನಡುವೆ ಬತ್ತಿ ನಿಲ್ಲಿಸಿ, ಹೊತ್ತಿಸಿ, ಮೇಲೆ ಗಾಜಿನ ಜಾಡಿ ಬೋರಲು ಹಾಕುವುದು. ಬತ್ತಿ ಆರುತ್ತದೆ, ನೀರು ಜಾಡಿಯೊಳಗೆ ಏರುತ್ತದೆ. "ನೀರು ಜಾಡಿಯ ಐದನೆಯ ಒಂದು ಭಾಗದಷ್ಟು ಏರುವುದರಿಂದ, ಗಾಳಿಯಲ್ಲಿ ಆಮ್ಲಜನಕ ಐದನೆಯ ಒಂದು ಭಾಗ ಇದೆಯೆಂದು ತಿಳಿಯುತ್ತದೆ" ಎಂದು ಎಲ್ಲ ಪುಸ್ತಕಗಳಲ್ಲಿಯೂ ಇತ್ತು. ಗವಿಸಿದ್ದಪ್ಪನವರೂ ಅದನ್ನೇ ಬರೆದಿದ್ದರು.

ಅಕ್ಕನಾಗಮ್ಮ ಜಾಡಿಗೆ ದಾರ ಸುತ್ತಿ ಗುರುತು ಮಾಡಿ ಮೂರು ಸಲ ನೋಡಿದಳು. "ನಂಗ ಐದರಾಗ ಒಂದು ಬರ್ಲಿಲ್ರಿ," ಎಂದಳು.

ಗವಿಸಿದ್ದಪ್ಪನವರು ನಿಯಮದಂತೆ ಸುಮ್ಮನಿದ್ದರು.

"ಒಮ್ಮೆ ಕಡಿಮಿ ಬಂತು, ಒಮ್ಮೆ ಭಾಳ ಬಂತು. ಎರಡು ಬತ್ತಿ ಹಚ್ಚಿ ನೋಡ್ಲೇನು?" ಎಂದು ಉತ್ತರಕ್ಕೆ ಕಾಯದೆ ಎರಡು ಬತ್ತಿ ಹಚ್ಚಿ ಜಾಡಿ ಇಟ್ಟಳು. ನೀರು ಮೊದಲಿಗಿಂತ ಬಹಳ ಮೇಲೆ ಏರಿತು. "ಜಾಡಿ ಅದ ಜಾಡಿ, ಗಾಳಿನೂ ಅಷ್ಟ. ಬತ್ತಿ ಎರಡಾದ್ರ ಆಮ್ಲಜನಕ ಹೆಂಗ ಹೆಚ್ಚಾಗ್ತದ?"

"ನಿಮ್ಮ ದಾರ ಜಾರಿರಬೇಕು," ಎಂದುಬಿಟ್ಟರು ಗವಿಸಿದ್ದಪ್ಪ.

"ದಾರ ಜಾರಿಲ್ಲ. ಮಾತಾಡಂಗಿಲ್ಲ ಅಂದೋರು ನೀವು."

ಕೊಟ್ರಯ್ಯನವರು ನಕ್ಕರು. ಗವಿಸಿದ್ದಪ್ಪನವರು ನಗಲಿಲ್ಲ. ಇಪ್ಪತ್ತು ವರ್ಷ ಅವರು ಆ ಪ್ರಯೋಗವನ್ನು ಹುಡುಗರಿಗೆ ಮಾಡಿ ತೋರಿಸಿದ್ದರು. ನೀರು ಏರಿದ್ದನ್ನು ನೋಡಿದ್ದರು, ಒಂದು ಸಲವೂ ಅಳೆದಿರಲಿಲ್ಲ. ಮುಂಚಿತವಾಗಿ ಉತ್ತರ ಗೊತ್ತಿದ್ದದ್ದರಿಂದ ಕಣ್ಣಿಗೆ ಐದನೆಯ ಒಂದು ಭಾಗದಂತೆಯೇ ಕಂಡಿತ್ತು. ಪಡಸಾಲೆಯಿಂದ ಇಳಿದು ಬಂದು ತಾವೂ ಅಳೆದರು. ಸಂಜೆಯ ಬಸ್ಸು ತಪ್ಪಿಹೋಯಿತು. ಮರುದಿನ ಬೆಳಿಗ್ಗೆಯ ಹೊತ್ತಿಗೆ ಅವರಿಗೆ ಕಾರಣ ಹೊಳೆದಿತ್ತು. ಉರಿಯಿಂದ ಬಿಸಿಯಾಗಿ ಹಿಗ್ಗಿದ ಗಾಳಿ ಜಾಡಿ ಇಡುವಾಗಲೇ ಅಂಚಿನಿಂದ ಆಚೆ ಹೋಗುತ್ತದೆ. ಉಳಿದದ್ದು ತಣ್ಣಗಾದಾಗ ಆ ಜಾಗಕ್ಕೆ ನೀರು ಬರುತ್ತದೆ. ಬತ್ತಿ ಹೆಚ್ಚಾದಷ್ಟೂ ಬಿಸಿ ಹೆಚ್ಚು. ಅಳೆಯುತ್ತಿದ್ದದ್ದು ಬಿಸಿಯನ್ನು, ಆಮ್ಲಜನಕವನ್ನಲ್ಲ.

ಮುಂದಿನ ಸಲ ಬರುವಾಗ ಬೆಂಕಿಯಿಲ್ಲದ ಒಂದು ದಾರಿ ತಂದರು. ಜಾಡಿಯ ಒಳಮೈಗೆ ಒದ್ದೆ ಮಾಡಿದ ಕಬ್ಬಿಣದ ಅರದ ಪುಡಿ ಅಂಟಿಸಿ, ನೀರಿನಲ್ಲಿ ಬೋರಲು ಇಡುವುದು. ಕಬ್ಬಿಣ ತುಕ್ಕು ಹಿಡಿಯುತ್ತ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಬಿಸಿಯ ತಂಟೆಯಿಲ್ಲ. ಅಕ್ಕನಾಗಮ್ಮ ನಾಲ್ಕು ದಿನ ಹೊತ್ತು ಹೊತ್ತಿಗೆ ನೋಡಿ ಗುರುತು ಮಾಡಿದಳು. ಮೂರು ಜಾಡಿಗಳಲ್ಲಿಯೂ ನೀರು ಐದನೆಯ ಒಂದು ಭಾಗಕ್ಕೆ ಕೂದಲೆಳೆಯಷ್ಟು ಆಚೀಚೆ ಬಂದು ನಿಂತಿತು. ಮೇಣದ ಬತ್ತಿಯ ಪುಟದಲ್ಲಿ ಹಳೆಯ ವಾಕ್ಯ ಹೊಡೆದು ಹಾಕಿ, "ನೀರು ಎಷ್ಟು ಏರಿತೆಂದು ಅಳೆದು ಬರೆಯಿರಿ, ಎರಡು ಬತ್ತಿಗಳಿಂದ ಮತ್ತೆ ಮಾಡಿ ನೋಡಿರಿ, ಏಕೆ ಹೀಗಾಯಿತೆಂದು ಯೋಚಿಸಿರಿ" ಎಂದಷ್ಟೇ ಬರೆದರು.

ಹಸ್ತಪ್ರತಿ 1943ರಲ್ಲಿ ಮುಗಿಯಿತು. ಅಚ್ಚಾದದ್ದು ಯುದ್ಧ ನಿಂತ ಮರುವರ್ಷ. ದೊಡ್ಡಬಸಪ್ಪನವರೇ ಮುಂದೆ ಬಂದು ಅಚ್ಚು ಹಾಕಿದರು. ಕಮಿಟಿಯ ಒಬ್ಬ ಪರೀಕ್ಷಕರು ಮೇಣದ ಬತ್ತಿಯ ಪ್ರಯೋಗಕ್ಕೆ ಉತ್ತರ ಕೊಟ್ಟಿಲ್ಲವೆಂದೂ, ಐದನೆಯ ಒಂದು ಭಾಗವೆಂದು ಸೇರಿಸಬೇಕೆಂದೂ ಆಕ್ಷೇಪಣೆ ಬರೆದರು. ಗವಿಸಿದ್ದಪ್ಪನವರು ಅಕ್ಕನಾಗಮ್ಮ ಆಮೇಲೆ ಮತ್ತೆ ಮತ್ತೆ ಮಾಡಿ ಬರೆದಿಟ್ಟಿದ್ದ ಹದಿನೆಂಟು ಅಳತೆಗಳನ್ನು ನಕಲು ಮಾಡಿ, ತಾವೂ ಮಾಡಿ ನೋಡಬೇಕೆಂದು ವಿನಂತಿ ಸೇರಿಸಿ ಕಳಿಸಿದರು. ಮತ್ತೆ ಆಕ್ಷೇಪಣೆ ಬರಲಿಲ್ಲ. ಪುಸ್ತಕ ಪಟ್ಟಿಗೆ ಸೇರಿತು.

ಮೊದಲ ಪ್ರತಿಗಳು ಕೈಗೆ ಬಂದ ವಾರ ಅವರು ಕಂಪ್ಲಿಗೆ ಹೋದರು. ಮುನ್ನುಡಿಯಲ್ಲಿ ಇಬ್ಬರ ಹೆಸರೂ ಇತ್ತು. ಅಕ್ಕನಾಗಮ್ಮನ ಹೆಸರು ಮೊದಲು. ಪ್ರತಿಯನ್ನು ಆಕೆಯ ಕೈಗೆ ಕೊಟ್ಟು, ಕೊಟ್ರಯ್ಯನವರ ಜೊತೆ ಪಡಸಾಲೆಯಲ್ಲಿ ಕೂತು ನದಿಗೆ ಕಟ್ಟಲಿರುವ ಅಣೆಕಟ್ಟಿನ ಸುದ್ದಿ ಮಾತಾಡುತ್ತಿದ್ದರು. ಆಕೆ ನಡುಮನೆಯಲ್ಲಿ ಬೆಳಕಿಂಡಿಯ ಕೆಳಗೆ ಕೂತು ಪುಟ ತಿರುಗಿಸುತ್ತಿದ್ದಳು. ಊಟದ ಹೊತ್ತಾಯಿತು. ಕೊಟ್ರಯ್ಯನವರು ಎರಡು ಸಲ ಕರೆದರು.

ಆಕೆ ಪುಸ್ತಕದ ನಡುವೆ ಬೆರಳಿಟ್ಟುಕೊಂಡು ಹೊರಗೆ ಬಂದಳು.

"ಹೆಂಗ ಬಂದೈತಿ?" ಎಂದು ಕೇಳಿದರು ಗವಿಸಿದ್ದಪ್ಪ.

"ಚಲೋ ಬಂದೈತ್ರಿ. ಮೂವತ್ತೊಂದನೇ ಪುಟದಾಗ ಒಂದು ಕಡೆ ನಂಗ ತಿಳೀಲಿಲ್ಲ. ಮಾಡೋವಾಗ ನೀವಿದ್ರಿ, ಅದಕ್ಕ ಅವತ್ತು ಗೊತ್ತಾಗಿಲ್ಲ ಅನಸ್ತದ."

ಗವಿಸಿದ್ದಪ್ಪನವರು ಅಂಗಿಯ ಜೇಬಿನಲ್ಲಿ ಪೆನ್ಸಿಲಿಗೆ ತಡಕಾಡುತ್ತ, "ಎಲ್ಲಿ, ಓದ್ರಿ," ಎಂದರು.